ಹಲಸಿನ ದಿಮ್ಮಿಯೊಳಗಿನ ಮೊಳೆಗಳು

ಮರ ಸೀಳುವ ನನ್ನ ಹಳೆಯ ಮಷಿನ್, ಆ ಬ್ಯಾಂಡ್ ಸಾ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸ್ವಲ್ಪ ದಪ್ಪದ ಮರ ಕೊಟ್ಟರೆ ಸಾಕು, ಅದರ ಬ್ಲೇಡು ಗೆರೆ ಬಿಟ್ಟು ತನಗೆ ಬೇಕಾದ ಕಡೆ ಹೋಗುತ್ತಿತ್ತು. ಕೊಪ್ಪದಲ್ಲಿ ನನ್ನದು ಮರಗೆಲಸದ ಶೆಡ್ಡು. ಕುರ್ಚಿ, ಮಂಚ, ಮೇಜು ಮಾಡುತ್ತೇನೆ. ಆ ದರಿದ್ರದ ಮಷಿನ್ ಸೀಳಿದ ಹಲಗೆಯ ಸೊಟ್ಟ ತಿದ್ದುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು.

ದೊಡ್ಡ ಮಷಿನ್ ತರಲೇಬೇಕು ಅನ್ನಿಸಿದ್ದು ಅಕ್ಕನಿಂದ. ಅವಳನ್ನು ಸೀತೂರಿಗೆ ಕೊಟ್ಟಿದ್ದೇವೆ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ತನಗೆ ಅಂತ ಏನನ್ನೂ ಕೇಳದವಳು ಒಂದು ದಿನ ಫೋನ್ ಮಾಡಿದಳು. ಕಾರು ನಿಲ್ಲಿಸುವುದಕ್ಕೆ ಜಾಗ ಬೇಕೆಂದು ಅವರ ಅಂಗಳದ ಹಲಸಿನ ಮರ ಕಡಿಸಿದ್ದರಂತೆ.

"ತಮ್ಮಾ, ಆ ಮರದಲ್ಲಿ ನಂಗೊಂದು ಊಟದ ಮೇಜು ಮಾಡಿಕೊಡ್ತೀಯಾ? ಜೋಡಿಸಿದ ಹಲಗೆ ಬೇಡ ಮಾರಾಯ. ಒಂದೇ ಹಲಗೆ ಆಗ್ಬೇಕು."

ದಿಮ್ಮಿ ಎರಡಡಿ ಅಗಲ. ನನ್ನ ಮಷಿನ್‌ಗೆ ಅದು ಆಗದ ಕೆಲಸ. ಮಿಲ್ಲಿಗೆ ಕೊಟ್ಟರೆ ವಾರಗಟ್ಟಲೆ ಸರದಿಯಲ್ಲಿ ಬಿದ್ದು, ಕೊನೆಗೆ ವಾಪಸ್ ಬರುವುದು ನಮ್ಮದೇ ಮರವೋ ಇನ್ಯಾರದೋ ಎಂದು ಗೊತ್ತಾಗುವುದಿಲ್ಲ. ಅಕ್ಕ ಕೇಳಿದ್ದು ಒಂದೇ ಒಂದು, ಅದೂ ಹಾಳಾಗಬಾರದು. ಹೇಗೂ ಬಹಳ ದಿನದಿಂದ ಆಸೆ ಇತ್ತು. ಶಿವಮೊಗ್ಗದಿಂದ ಸೊಂಟದೆತ್ತರದ ಚಕ್ರಗಳಿರುವ ಹೆವಿ ಡ್ಯೂಟಿ ಬ್ಯಾಂಡ್ ಸಾ ತರಿಸಿದೆ. ನಾಲ್ಕು ಜನ ಚೈನ್ ಹಾಕಿ ಇಳಿಸಿದರು. ತ್ರೀ ಫೇಸ್ ಲೈನ್ ಎಳೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಬಂದವರಿಗೆಲ್ಲ ಅದರ ಮೋಟಾರಿನ ಗುಣಗಾನ ಮಾಡಿದೆ. ಆ ಜಂಬ ನೆನೆದರೆ ಈಗ ನನಗೇ ಅಸಹ್ಯವಾಗುತ್ತದೆ.

ಅಂಗಳದ ಮರ ಎಂದಮೇಲೆ ಒಂದು ಅನುಮಾನ ಇದ್ದೇ ಇರುತ್ತದೆ. ಬಟ್ಟೆ ತಂತಿ ಕಟ್ಟಲು, ಬಲ್ಬು ತೂಗುಹಾಕಲು ಯಾರಾದರೂ ಏನಾದರೂ ಹೊಡೆದಿರುತ್ತಾರೆ. ಭಾವನಿಗೆ ಫೋನ್ ಮಾಡಿ ಕೇಳಿದೆ.

"ಮೊಳೆಯಾ? ಎಂತ ಮೊಳೆ ಮಾರಾಯ, ಒಂದು ಗುಂಡುಪಿನ್ನೂ ಇಲ್ಲ. ನೀನು ಧೈರ್ಯವಾಗಿ ಕೊಯ್ಯಿ."

ಧೈರ್ಯವಾಗಿ ಕೊಯ್ದೆ. ಮೊದಲ ಎರಡಡಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅರಿಶಿನದಂಥ ಹೊಟ್ಟು ಕಾಲ ಮೇಲೆ ಸುರಿಯುತ್ತಿತ್ತು. ಆಮೇಲೆ ಕಿವಿ ಸೀಳುವ ಹಾಗೆ ಒಂದು ಸದ್ದು, ಕಿಡಿ, ಹೊಸ ಬ್ಲೇಡು ತುಂಡಾಗಿ ಕವರ್‌ಗೆ ಬಡಿಯಿತು. ಬಾಯಿಗೆ ಬಂದ ಹಾಗೆ ಭಾವನನ್ನು ಬೈದೆ. ಬೇರೆ ಬ್ಲೇಡು ಹಾಕಿದೆ. ಗೇಣು ಮುಂದೆ ಹೋಗುವಷ್ಟರಲ್ಲಿ ಅದರ ಹಲ್ಲುಗಳೂ ಉದುರಿದವು.

ಉಳಿಯಿಂದ ಕೆತ್ತಿ ಒಂದು ಮೊಳೆಯನ್ನು ಹೊರಗೆ ಎಳೆದೆ. ಒರೆಸಿ ಬೆಳಕಿಗೆ ಹಿಡಿದೆ. ತಲೆಯೂ ಚೌಕ, ಮೈಯೂ ಚೌಕ. ಬಸರೀಕಟ್ಟೆ ಕಡೆಯ ಕಮ್ಮಾರನೊಬ್ಬ ದೊಡ್ಡ ಬಾಗಿಲುಗಳಿಗೆಂದು ನನಗೆ ಬಡಿದು ಕೊಡುತ್ತಿದ್ದ ಮೊಳೆ ಅದು. ಅಂಗಡಿಯಲ್ಲಿ ಸಿಗುವುದಲ್ಲ. ನನ್ನ ಡಬ್ಬದಿಂದಲೇ ಹೋದದ್ದು.

ಆಗ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅಕ್ಕ ಪ್ರತಿ ಗೌರಿ ಹಬ್ಬಕ್ಕೆ ತವರಿಗೆ ಬಂದವಳು, ಹೊರಡುವ ದಿನ ನನ್ನ ಶೆಡ್ಡಿಗೆ ಬಂದು ಒಂದು ಮೊಳೆ ಕೇಳುತ್ತಿದ್ದಳು. ಒಂದೇ ಒಂದು. "ಯಾರ ತಲೆಗೆ ಹೊಡೀತೀಯಕ್ಕ, ಭಾವನ ತಲೆಗಾ?" ಎಂದು ನಾನು ಪ್ರತಿ ಸಲವೂ ಅದೇ ತಮಾಷೆ ಮಾಡುತ್ತಿದ್ದೆ. ಅವಳು ನಕ್ಕು, ಬಾಗಿನದ ಮೊರದ ಅಡಿಯಲ್ಲಿ ಅದನ್ನು ಇಟ್ಟುಕೊಂಡು ಹೋಗುತ್ತಿದ್ದಳು.

ಫೋನ್ ಮಾಡಿದೆ. ಮೊಳೆ ಸಿಕ್ಕಿದ್ದನ್ನು ಅಕ್ಕನಿಗೆ ಹೇಳಿದೆ.

"ಆ ಮರ ಕಾಯಿ ಬಿಡ್ತಿರ್ಲಿಲ್ಲ ಅಲ್ದಾ," ಎಂದಳು. "ಕಾಯಿ ಬಿಡದ ಹಲಸಿಗೆ ಮೊಳೆ ಹೊಡೀಬೇಕು ಅಂತಾರಲ್ಲ. ನೀನೇ ಹೊಡಿ, ಮರಕ್ಕೆ ಕಾಯಿ ಆದ್ರೆ ನಿಂಗೂ ಮಗು ಆಗ್ತದೆ ಅಂತ ಅತ್ತೆ ಹೇಳಿದ್ರು. ಮೊಳೆ ತವರಿಂದನೇ ಬರ್ಬೇಕು ಅಂದ್ರು. ಅಕ್ಕಪಕ್ಕದವ್ರೆಲ್ಲ ನಿಂತು ನೋಡ್ತಿದ್ರು. ಏಳು ವರ್ಷ ಹೊಡ್ದೆ ತಮ್ಮಾ."

"ಭಾವ?"

"ಅವ್ರು ಸುತ್ತಿಗೆ ತಂದ್ಕೊಡ್ತಿದ್ರು."

ಸುತ್ತಿಗೆ ತಂದುಕೊಟ್ಟ ಭಾವನೇ ಈಗ ಗುಂಡುಪಿನ್ನೂ ಇಲ್ಲ ಎನ್ನುತ್ತಾನೆ. ಮರಕ್ಕೂ ಹೆಣ್ಣಿಗೂ ಒಟ್ಟಿಗೆ ಮದ್ದು ಮಾಡಿದ ಆ ಮನೆ, ನಿಂತು ನೋಡಿದ ಆ ನೆರೆಹೊರೆ, ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಮೊಳೆ ಕೊಟ್ಟು ಹಲ್ಲು ಕಿರಿದ ತಮ್ಮನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಮತ್ತೆ ಬ್ಲೇಡು ಹಾಕಿ, ಮೊಳೆ ಸಿಕ್ಕಲ್ಲೆಲ್ಲ ನಿಲ್ಲಿಸುತ್ತಾ ಸೀಳಿದೆ. ಹಲಗೆ ಒಂದೇ ತುಂಡಾಗಿ ಬಂತು. ಏಳನ್ನೂ ಕೆತ್ತಿ ತೆಗೆದೆ. ಮೊದಲ ವರ್ಷದ್ದು ಎಲ್ಲಕ್ಕಿಂತ ಒಳಗೆ, ಕೊನೆಯದು ಎಲ್ಲಕ್ಕಿಂತ ಹೊರಗೆ. ಮರ ಬೆಳೆಯುತ್ತಾ ಒಂದೊಂದನ್ನೇ ಒಳಗೆ ಎಳೆದುಕೊಂಡಿತ್ತು. ಕಬ್ಬಿಣ ತಾಗಿದಲ್ಲೆಲ್ಲ ಹಳದಿ ಮರದ ಮೇಲೆ ಕಪ್ಪು ಇಳಿದಿತ್ತು. ಕೆತ್ತಿ, ಬೇರೆ ಮರದ ತುಂಡು ಕೂರಿಸಿ, ಬಣ್ಣ ಹೊಂದಿಸಿ ಮುಚ್ಚುವ ವಿದ್ಯೆ ನನಗೆ ಗೊತ್ತು. ಫೋಟೋ ಕಳಿಸಿ ಅಕ್ಕನನ್ನು ಕೇಳಿದೆ. "ತೂತು ಮಾತ್ರ ಮುಚ್ಚು. ಕಪ್ಪು ಇರ್ಲಿ," ಎಂದಳು.

ಮೇಜು ಇಳಿಸಿದ ದಿನ ಊಟಕ್ಕೆ ನಿಲ್ಲಿಸಿಕೊಂಡರು. ಅಕ್ಕನ ಅತ್ತೆ ಹಲಗೆಯ ಮೇಲೆ ಕೈಯಾಡಿಸಿ ಮುಖ ಸಿಂಡರಿಸಿದರು.

"ಎಂತ ಇದು, ಇಷ್ಟೊಂದು ಕಪ್ಪು ಕಲೆ? ನಮ್ಮ ಮರ ಚಂದ ಇತ್ತಲ್ಲ. ಪಾಲಿಶ್ ಹಾಳು ಮಾಡಿದ್ಯಾ ಹೇಗೆ?"

ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅನ್ನದ ಪಾತ್ರೆ ಹಿಡಿದು ಬಂದಳು.

"ಪಾಲಿಶ್ ಅಲ್ಲ ಅತ್ತೆ. ನೀವು ಹೊಡೆಸಿದ ಮೊಳೆ. ಏಳೂ ಇದೆ, ಎಣಿಸಿ," ಎಂದಳು, ಉಪ್ಪು ಬೇಕಾ ಎಂದು ಕೇಳುವ ದನಿಯಲ್ಲಿ. ಮುದುಕಿಯ ಕೈ ಹಲಗೆಯಿಂದ ಹಿಂದೆ ಸರಿಯಿತು.

ಅಕ್ಕ ತಟ್ಟೆ ಇಡುತ್ತಾ ಬಂದಳು. ಅತ್ತೆಯ ಮುಂದೆ ಒಂದು ಕಲೆ ಕಾಣುವ ಹಾಗೆ ಇಟ್ಟಳು, ಭಾವನ ಮುಂದೆ ಇನ್ನೊಂದು. ನನ್ನ ತಟ್ಟೆಯನ್ನೂ ಅವಳು ಒಂದು ಕಲೆಯ ಪಕ್ಕದಲ್ಲೇ ಇಟ್ಟಳು.