ಗಪ್ಪಾದ ಇಂಜಿನ್

ನನ್ನ ತಮ್ಮ ಜೇವರ್ಗಿಯಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಕಾಲದಲ್ಲಿ ಗಿರಾಕಿಗಳದೆಲ್ಲ ಒಂದೇ ಮಾತು: "ಗಾಡಿ ಗಪ್ಪ ಮಾಡಿ ಕೊಡ್ರಿ." ಇಂಜಿನ್ನಿನ ಟಕಟಕ ನಿಂತರೆ ರಿಪೇರಿ ಆದಂತೆ ಎಂದು ಅವರ ಲೆಕ್ಕ. ತಮ್ಮ ನಗುತ್ತಿದ್ದ. "ಸ್ವಲ್ಪ ಮಾತಾಡ್ಲಿ ಬಿಡ್ರಿ. ಪೂರಾ ಗಪ್ಪಾದ್ರ ವಾಲ್ವ್ ಸುಡ್ತಾವ."

ಹೋದ ಚಳಿಗಾಲದಲ್ಲಿ ಆಳಂದದಿಂದ ಅವನ ಮನೆಗೆ ಹೋದಾಗ, ಅವನ ಮಗಳ ಡರ್ಟ್ ಬೈಕ್ ಅಂಗಳದಲ್ಲಿ ಬಿಚ್ಚಿಕೊಂಡು ನಿಂತಿತ್ತು. ಆಕೆ ಅಫಜಲಪುರದಲ್ಲಿ ಟೀಚರ್. ರಜೆಯಲ್ಲಿ ಮಣ್ಣಿನ ಟ್ರ್ಯಾಕಿನ ರೇಸಿಗೆ ಹೋಗುತ್ತಾಳೆ. ಆ ಗಾಡಿಯನ್ನು ಅಪ್ಪನ ಹೊರತು ಬೇರೆ ಯಾರೂ ಮುಟ್ಟಿದ್ದಿಲ್ಲ. ಈಚೆಗಷ್ಟೇ ಅವನೇ ವಾಲ್ವ್ ಸೆಟ್ ಮಾಡಿದ್ದ. ಆಮೇಲಿಂದ ಬೆಳಗಿನ ತಂಪಿನಲ್ಲಿ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ.

"ಅಪ್ಪಾ, ಇಂಜಿನ್ ಭಾಳ ಗಪ್ಪ ಆಗ್ಯಾದ," ಅಂದಳು.

"ಗಪ್ಪಿದ್ರ ಚಲೋನೇ ಆತಲ್ಲ ಬೇ," ಅಂದ ತಮ್ಮ.

ಗಿರಾಕಿಗಳ ಮಾತು ಅವನ ಬಾಯಲ್ಲಿ! ಐ ವಾಸ್ ಫ್ರೈಟೆನ್ಡ್.

ಶುಗರಿನಿಂದ ಅವನ ಬೆರಳು ಜೋಮು ಹಿಡಿದಿದ್ದವು. ಚಹಾದ ಕಪ್ಪು ಜಾರಿ ಬೀಳುತ್ತಿದ್ದುದು ನನಗೆ ಗೊತ್ತಿತ್ತು. ಆದರೆ ಈ ಕೆಲಸವೇ ಬೆರಳಿನದು. ವಾಲ್ವಿನ ತಲೆಯ ಮೇಲಿನ ಸಂದಿನಲ್ಲಿ ಉಕ್ಕಿನ ತೆಳು ಎಲೆ ತೂರಿಸಿ ನೋಡಬೇಕು. ಬೆಣ್ಣೆಯಲ್ಲಿ ಎಳೆದಂತೆ ಒಂದಿಷ್ಟೇ ಹಿಡಿತ ಸಿಗಬೇಕು. ಸಂದು ಹೆಚ್ಚಿದ್ದರೆ ಒಳಗಿನ ಶಿಮ್ ಎಂಬ ಪುಟ್ಟ ಬಿಲ್ಲೆ ತೆಗೆದು ದಪ್ಪನೆಯದು, ಕಡಿಮೆಯಿದ್ದರೆ ತೆಳುವಾದದ್ದು ಕೂಡಿಸಬೇಕು. ಅವನು ದಪ್ಪ ಎಲೆಯನ್ನು ಬಲವಂತದಿಂದ ತುರುಕಿ, ಸಂದು ಬಹಳ ಇದೆ ಎಂದುಕೊಂಡು ದಪ್ಪ ಬಿಲ್ಲೆ ಕೂಡಿಸಿದ್ದ. ಸಂದೇ ಇಲ್ಲದಂತಾಗಿ ಟಕಟಕ ನಿಂತಿತ್ತು, ವಾಲ್ವ್ ಪೂರಾ ಮುಚ್ಚದೆ ಗಾಡಿ ಏಳುತ್ತಿರಲಿಲ್ಲ. ತುರುಕಿದ್ದು ಅವನಿಗೆ ತಿಳಿದೇ ಇರಲಿಲ್ಲ.

ಈಗಲೂ ಹಾಗೇ ಎಲೆ ಒತ್ತಿ, "ಬರೋಬರ್ ಅದ," ಅಂದ. ಮಗಳು ಎಲೆಗಳ ಕಟ್ಟಿನಿಂದ ಇನ್ನೊಂದನ್ನು ಬಿಡಿಸತೊಡಗಿದಳು.

"ಯಾಕ, ನಂಬಿಕಿ ಇಲ್ಲೇನು? ಅಕ್ಕಾ, ನೀ ನೋಡು. ಕಾನ್ವೆಂಟಿನ್ಯಾಗ ಎಂಬ್ರಾಯಿಡರಿ ಕಲ್ತಾಕಿ, ನಿನ್ನ ಬೆರಳು ಸುಳ್ಳ ಹೇಳಂಗಿಲ್ಲ."

ಮಗಳು ತೆಳುವಾದ ಎಲೆ ನನ್ನ ಕೈಗಿಟ್ಟು, ಹೂಂ ಅನ್ನು ಅತ್ತಿ ಎಂಬಂತೆ ನೋಡಿದಳು. ತೂರಿಸಿದೆ. ತುದಿಯೂ ಒಳಗೆ ಹೋಗಲಿಲ್ಲ. ಜಸ್ಟ್ ಎ ಲಿಟಲ್ ಲೈ ಸಾಕಿತ್ತು. ಆದರೆ ಆ ಗಾಡಿ ಹತ್ತುವವಳು ಅವಳು. ಓಟದ ನಡುವೆ ಇಂಜಿನ್ ನಿಂತರೆ?

"ಹೋಗವಲ್ದೋ ತಮ್ಮಾ."

ಅವನು ಕನ್ನಡಕ ತೆಗೆದ. ಎಲೆಗಳ ಕಟ್ಟನ್ನು ಮಗಳ ಮುಂದಿಟ್ಟು ನಳದ ಕಡೆ ಹೋದ. ಗ್ರೀಸ್ ಹೋದ ಮೇಲೂ ಕೈ ತಿಕ್ಕುತ್ತಲೇ ಇದ್ದ. ಮಗಳು ತೆಳು ಬಿಲ್ಲೆ ಹುಡುಕಿ ಕೂಡಿಸಿ, ಮುಚ್ಚಿ, ಕಿಕ್ ಹೊಡೆದಳು. ಇಂಜಿನ್ ಟಕಟಕ ಅನ್ನುತ್ತ ಎದ್ದಿತು. ಅವನು ತಿರುಗಿ ನೋಡಲಿಲ್ಲ.

ಯುಗಾದಿಗೆ ಹೋದಾಗ ಮಗಳು ಅದೇ ಅಂಗಳದಲ್ಲಿ ಕೂತು ವಾಲ್ವ್ ನೋಡುತ್ತಿದ್ದಳು. "ಅಪ್ಪಾ, ಇದೊಂದು ನೋಡಿ ಹೇಳು," ಎಂದು ಎಲೆ ಚಾಚಿದಳು. ಅವನು ಕುರ್ಚಿಯಿಂದ ಏಳಲಿಲ್ಲ.

"ಅತ್ತಿನ್ನ ಕೇಳು," ಅಂದ.