ಅಕ್ಕಿಕಾಳಿನ ಕೈ

ಕೊಟ್ರೇಶ ಮಾವ ಬದುಕಿನಲ್ಲಿ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. ಹೊಸಪೇಟೆ ಸುತ್ತಮುತ್ತ ಎಲ್ಲೇ ಮದುವೆಯಾಗಲಿ, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಮದುಮಕ್ಕಳ ಎದುರಿಗೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೋಗುತ್ತಿದ್ದ. ಮಂಟಪದಲ್ಲಿ ಒಮ್ಮೆಯೂ ಎಡವಿದವನಲ್ಲ. ಬಜಾರಿನಲ್ಲಿ ಮಾತ್ರ, ನಮ್ಮ ಕಡೆ ಮುಖ ಮಾಡಿ ಮಾತಾಡುತ್ತ ಹಿಮ್ಮುಖ ನಡೆದು, ಬದನೆಕಾಯಿ ಗಾಡಿಗೆ ಹೋಗಿ ಬಡಿಯುತ್ತಿದ್ದ.

ಅವನು ನನ್ನ ಅವ್ವನ ತಮ್ಮ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅವ್ವ, ನಾನು ಮಾವನ ಮನೆಯಲ್ಲೇ ಇದ್ದೆವು. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವನದೊಂದು ಸ್ಟುಡಿಯೊ. ಮದುವೆ ವಿಡಿಯೊಗೆ ಹಾಡು, ಹೂವು, ಹೃದಯದ ಆಕಾರ ಸೇರಿಸುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಮಾವನ ಮಿಕ್ಸಿಂಗ್ ಎಂದರೆ ಭಾರೀ ಹೆಸರು. ಹಂಪಿಯ ಕಲ್ಲಿನ ತೇರಿನ ಗಾಲಿಯೊಳಗೆ ಗಂಡು ಹೆಣ್ಣಿನ ಮುಖ ಕೂರಿಸಿ ಗರಗರ ತಿರುಗಿಸುವುದು ಅವನ ಅತಿ ಮೆಚ್ಚಿನ ಎಫೆಕ್ಟು. ಹಂಪಿ ಪಕ್ಕದಲ್ಲೇ ಇರುವ ಕಮಲಾಪುರದವರು ಕೂಡ ಅಲ್ಲಿಗೆ ಹೋಗಿ ನಿಲ್ಲುವ ಬದಲು ಈ ಗಾಲಿಯನ್ನೇ ಕೇಳುತ್ತಿದ್ದರು.

ಅವನದೊಂದು ಕಟ್ಟುನಿಟ್ಟು ಇತ್ತು. ಮದುವೆಗೆ ಬಂದವರು ಒಬ್ಬೊಬ್ಬರೂ ಒಮ್ಮೆಯಾದರೂ ವಿಡಿಯೊದಲ್ಲಿ ಕಾಣಲೇಬೇಕು. ಪಂಕ್ತಿಯಲ್ಲಿ ಉಣ್ಣುವವರನ್ನಂತೂ ಎಲೆ ಎಲೆಗೂ ನಿಂತು ತೆಗೆಯುತ್ತಿದ್ದ. ಉದ್ದವಾಯಿತು, ಕತ್ತರಿಸು ಎಂದರೆ ಸಿಟ್ಟು ಬರುತ್ತಿತ್ತು. "ಬಂದೋರ್ನ ಕತ್ತರಸಬಾರ್ದಬೇ ಸೊಸಿ. ಒಬ್ರು ಕಾಣ್ಲಿಲ್ಲಾಂದ್ರ ಬೀಗರ ನಡುವ ಜಗಳ ಹತ್ತತಾವು" ಎನ್ನುತ್ತಿದ್ದ.

ಹಳೆಯ ಕಂಪ್ಯೂಟರು ಕೈಕೊಟ್ಟು ಹೊಸದು ಬಂದಾಗ ಅದರ ಜೊತೆ ಹೊಸ ಸಾಫ್ಟ್‌ವೇರೂ ಬಂತು. ಡಿಗ್ರಿ ಓದುತ್ತಿದ್ದ ನಾನು ಯೂಟ್ಯೂಬ್ ನೋಡಿ ಕಲಿತು ಮಾವನಿಗೆ ಗುರುವಾದೆ. ಎಲ್ಲಿ ಏನಿದೆ ಎಂದು ತಿಳಿಯದೆ ಅವನು ಮೌಸನ್ನು ಚೇಳು ಹಿಡಿದವರ ಹಾಗೆ ಹಿಡಿಯುತ್ತಿದ್ದ. ಬ್ಲೇಡಿನ ಚಿತ್ರ ಒತ್ತುವ ಮುಂಚೆ ಪ್ರತಿ ಸಲ ಕೇಳುತ್ತಿದ್ದ: "ಇಲ್ಲಿ ಕೊಯ್ದ್ರ ಮುಂದಿಂದು ಎಲ್ಲೂ ಹೋಗೂದಿಲ್ಲಲ್ಲ?" ಅವನಿಗೆ ಪ್ರಾಣ ಬಂದದ್ದು ಬೇಡವಾದ ವಸ್ತುವನ್ನು ಚಿತ್ರದಿಂದ ಅಳಿಸುವ ಟೂಲು ತೋರಿಸಿದಾಗ. ಮಂಟಪದ ಮುರುಕು ಕುರ್ಚಿ ಮಾಯ. ಮದುಮಕ್ಕಳ ಹಿಂದೆ ಕಾಲೆತ್ತಿ ನಿಂತ ನಾಯಿ ಮಾಯ. "ಏನ್ ಮಾಟಬೇ ಇದು!" ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದ.

ಆಗಲೇ ಬಂದದ್ದು ಕಂಪ್ಲಿಯ ಅಕ್ಕಿ ಗಿರಣಿಯವರ ಮದುವೆ. ಹುಡುಗಿಗೆ ತಾಯಿ ಇರಲಿಲ್ಲ. ತಾಯಿಯ ತಂಗಿ, ಅವಳ ಚಿಗವ್ವನೇ ಸಾಕಿದ್ದರು. ಆಕೆಯ ಗಂಡ ತೀರಿಕೊಂಡಿದ್ದರು. ಎಲ್ಲರೂ ಅಕ್ಷತೆ ಹಾಕುವ ಅಕ್ಕಿಕಾಳಿನ ಹೊತ್ತಿಗೆ ಅವರು ತಡೆಯಲಾರದೆ ಹಿಂದಿನಿಂದ ಬಂದು ಮಗಳ ನೆತ್ತಿಯ ಮೇಲೆ ಕಾಳು ಹಾಕಿ ಸರಿದಿದ್ದರು. ಮಾರನೆಯ ವಾರ ಹುಡುಗಿಯ ದೊಡ್ಡಪ್ಪ ಸ್ಟುಡಿಯೊಗೆ ಬಂದು ದನಿ ತಗ್ಗಿಸಿದರು. "ಬೀಗರು ನೋಡ್ತಾರ. ಶುಭದ ಹೊತ್ತಿನಾಗ ಆಕಿ ಕಾಣೂದು ಬ್ಯಾಡ. ತೆಗದುಬಿಡ್ರಿ."

ಅವರು ಹೋದ ಮೇಲೆ ಮಾವ ನನ್ನ ಕಡೆ ತಿರುಗಿದ. "ಬಂದೋರ್ನ ಹೆಂಗಬೇ ಕತ್ತರಸೂದು?" ಎಂದ.

"ಕತ್ತರಿಸೂದಲ್ಲ ಮಾವ, ಅಳಸೂದು. ಆಕಿ ಕಾಳು ಹಾಕೂದಷ್ಟ. ಕೂಸಿನ ಆಟ" ಎಂದೆ ನಾನು. ಹೊಸ ಟೂಲಿನ ಹುರುಪು. ಅಲ್ಲೇ ಮೂಲೆಯಲ್ಲಿ ಮಾವನಿಗೆ ಊಟದ ಡಬ್ಬಿ ತಂದಿದ್ದ ಅವ್ವ ಕುಳಿತಿದ್ದಳು. ಅವಳಿಗೂ ಗಂಡನಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಹಣೆಯ ಮೇಲೆ ಕುಂಕುಮವಿಲ್ಲದ ಆ ಮುಖವನ್ನು ದಿನಾ ನೋಡುತ್ತಿದ್ದವಳು ನಾನು.

ಮದುಮಗಳ ಬಾಸಿಂಗಕ್ಕೆ ಕುಂದು ಬಂದೀತೆಂದು ಮಾವ ನೆತ್ತಿಯ ಸುತ್ತಲಿನ ಜಾಗ ಮುಟ್ಟಲಿಲ್ಲ. ಉಳಿದ ಕಡೆಯೆಲ್ಲ ಆಕೆಯನ್ನು ಅಳಿಸಿದ. ನಾನು ಬೇಗ ಬೇಗ ಓಡಿಸಿ ನೋಡಿ ಮಸ್ತ್ ಆಗಿದೆ ಎಂದೆ.

ವಿಡಿಯೊ ಕೊಡಲು ನಾವಿಬ್ಬರೂ ಕಂಪ್ಲಿಗೆ ಹೋದೆವು. ಮಂಡಕ್ಕಿ, ಮಿರ್ಚಿ, ಚಹಾ ಬಂದವು. ತವರಿಗೆ ಬಂದಿದ್ದ ಮದುಮಗಳೂ ಸೇರಿ ಮನೆಮಂದಿಯೆಲ್ಲ ಟಿವಿ ಮುಂದೆ. ಚಿಗವ್ವ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅಕ್ಕಿಕಾಳಿನ ಹೊತ್ತು ಬಂತು. ಮದುಮಗಳ ನೆತ್ತಿಯ ಮೇಲೆ ಒಂದು ಕೈ, ಬರೀ ಒಂದು ಕೈ, ಬಳೆಯಿಲ್ಲದ್ದು, ತೋಳಿಲ್ಲದೆ ಮೈಯಿಲ್ಲದೆ ಕಾಳು ಸುರಿಯುತ್ತಿತ್ತು.

"ದೆವ್ವದ ಕೈ!" ಎಂದು ಹುಡುಗರು ನಕ್ಕರು.

ಮದುಮಗಳು ಟಿವಿಯಿಂದ ಕಣ್ಣು ತೆಗೆಯದೆ "ಅದು ಚಿಗವ್ವನ ಕೈ" ಎಂದಳು. ಬಾಗಿಲಲ್ಲಿದ್ದ ಆಕೆ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಅದನ್ನು ಕಂಡು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವನ ಚಹಾ ಹಾಗೆಯೇ ಉಳಿಯಿತು.

ಬಸ್ಸು ಕಮಲಾಪುರ ದಾಟಿತು. ಮಾವ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ನಿಮ್ಮವ್ವನ್ನೂ ಹಿಂಗ ಅಳಿಸಿಬಿಡ್ತಿದ್ನೇನಬೇ ನಾನು?"

ಮರುದಿನ ಆಕೆಯನ್ನು ವಾಪಸು ತರುವುದು ಹೇಗೆಂದು ಕೇಳಿದ. ಒಂದು ಗುರುತು ಒತ್ತಿದೆ. ಚಿಗವ್ವ ಇದ್ದಲ್ಲೇ ಇದ್ದರು. "ಇಷ್ಟ ಏನು?" ಎಂದು ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಒಬ್ಬನೇ ಕಂಪ್ಲಿಗೆ ಹೋಗಿ ಬಂದ. ಅಲ್ಲಿ ಏನಾಯಿತೆಂದು ನನಗೆ ಹೇಳಲಿಲ್ಲ. ಅವ್ವನಿಗೆ ಮಾತ್ರ ಎಲ್ಲ ಹೇಳಿಕೊಂಡನಂತೆ. ಮತ್ತೆಂದೂ ಆ ಟೂಲು ಮುಟ್ಟಲಿಲ್ಲ.

ಮಾವ ತೆಗೆದ ಕೊನೆಯ ಮದುವೆ ನನ್ನದೇ. ಸೋದರಮಾವ ನೀನು, ಶಾಲು ಹೊದ್ದು ಕೂರು ಎಂದರೂ ಕೇಳದೆ ಕ್ಯಾಮೆರಾ ಹಿಡಿದ. ಕಳೆದ ವರ್ಷ ಅವನು ಹೋದ ಮೇಲೆ ಆ ವಿಡಿಯೊ ತೆಗೆದು ನೋಡಿದೆ. ಅಕ್ಕಿಕಾಳಿನ ಹೊತ್ತು. ಅವ್ವ ದೂರದ ಕಂಬದ ಹತ್ತಿರ. ಮಾವನ ದನಿ ಕೇಳುತ್ತದೆ: "ಅಕ್ಕಾ, ಬಾ. ಮುಂದ ಬಾ."

ಅವ್ವ ನಗುತ್ತಲೇ ಅನ್ನುತ್ತಾಳೆ: "ಬ್ಯಾಡ ಬಿಡೋ ಕೊಟ್ರ್ಯಾ. ಆಮ್ಯಾಲ ಅಳಸೋ ಕೆಲ್ಸ ನಿನಗ."

ಕ್ಯಾಮೆರಾ ಕೆಳಗೆ ಜೋತುಬೀಳುತ್ತದೆ. ಮುಂದೆ ಕಾಣುವುದು ನೆಲ ಮಾತ್ರ, ತುಳಿದ ಹೂವು, ಮಾವನ ಪಾದಗಳು. ಹಿಂದಕ್ಕಲ್ಲ, ಮುಂದಕ್ಕೆ ನಡೆಯುತ್ತಿವೆ. ಎದುರಿಗೆ ಅವ್ವನ ಪಾದಗಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿವೆ. "ಅಕ್ಕಾ, ಬಾರಬೇ" ಎಂದು ಮಾವ ಕರೆಯುತ್ತಲೇ ಇದ್ದಾನೆ. ಪುರೋಹಿತರ ಮಂತ್ರವಿದೆ, ವಾಲಗವಿದೆ, ಯಾರದೋ ಕೂಸಿನ ಅಳುವಿದೆ.

ನಾನು ಹತ್ತು ಹೆಜ್ಜೆ ಆಚೆ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ಎಷ್ಟು ಸಲ ಹಾಕಿ ಕೇಳಿದರೂ ಅದರಲ್ಲಿ ನನ್ನ ದನಿ ಮಾತ್ರ ಇಲ್ಲ.