ಕಣಕ್ಕೆ ಬಂದ ಗಣಕಯಂತ್ರ

ಮಾನ್ಯ ಓದುಗ ಮಿತ್ರರೇ, ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು, ಇಂಡಿ ಪಟ್ಟಣದ ನಮ್ಮ ಮನೆಯ ಶಾವಿಗೆ ಮಣೆಯತ್ತ ಮೊದಲಿಗೆ ತಮ್ಮ ಗಮನವನ್ನು ಸವಿನಯವಾಗಿ ಸೆಳೆಯಬಯಸುತ್ತೇನೆ. ಎರಡು ಬೇಸಿಗೆ ಅದರ ಮೇಲೆ ಶಾವಿಗೆಯ ಎಳೆ ಇಳಿಯಲಿಲ್ಲ. ತಾಮ್ರದ ತಂತಿ ಹರಡಿತ್ತು.

ವಾಚನಾಲಯದ ಮಾಸಪತ್ರಿಕೆಯೊಂದರಲ್ಲಿ ಗಣಕಯಂತ್ರದ ವಿಷಯ ಓದಿದ್ದೇ ಇದಕ್ಕೆ ಮೂಲ ಕಾರಣ. ಕೋಣೆ ತುಂಬುವ ಆ ಮಹಾಯಂತ್ರಗಳೂ ಒಳಗೊಳಗೆ ಹೌದು, ಇಲ್ಲ ಎಂಬೆರಡರಲ್ಲೇ ಎಣಿಸುತ್ತವೆಂದು ತಿಳಿದಾಗ, ಅಂಥದೊಂದು ಚಿಕ್ಕದನ್ನು ನಾನೇ ಕಟ್ಟಬಾರದೇಕೆ ಎನಿಸಿತು. ತಾಳಿಕೋಟೆಯ ಗುಜರಿಯಲ್ಲಿ ಹಳೆಯ ಟೆಲಿಫೋನ್ ರಿಲೇಗಳು, ಎಂದರೆ ಕರೆಂಟು ಹರಿದೊಡನೆ ಟಕ್ಕೆಂದು ಕೂಡುವ ಸ್ವಿಚ್ಚುಗಳು, ದೊರೆತವು. ಕಟ್ಟುವುದಕ್ಕಿಂತ ತಪ್ಪು ಹುಡುಕುವುದಕ್ಕೇ ಹೆಚ್ಚು ಕಾಲ ಹಿಡಿಯಿತು. ಒಂದು ಬೆಸುಗೆ ಸಡಿಲಾದರೆ ಇಡೀ ಪೆಟ್ಟಿಗೆ ಮೂಕ. ನನ್ನ ಪತ್ನಿ ಗಂಗವ್ವ ಸುಟ್ಟ ಬೆರಳಿಗೆ ಜೇನು ಹಚ್ಚಿದಳು, ತಂತಿ ಕತ್ತರಿಸಿ ಕೊಟ್ಟಳು, ಶಾವಿಗೆಯನ್ನು ತವರೂರು ಕನ್ನೊಳ್ಳಿಯಿಂದ ತರಿಸಿದಳು.

ಶಾವಿಗೆಯೊಡನೆ ಮಾವನವರೂ ಬಂದರು. "ಕನ್ನೊಳ್ಳಿಗೆ ತರ್ರಿ ಇದನ್ನ. ಕಣದಾಗ ನಮ್ಮ ಎಣಿಕಿಗೆ ಸರಿ ಬಂದ್ರ ಇರ್ಲಿ. ತಪ್ಪಿದ್ರ ಬಿಚ್ಚಿ ಒಗೀಬೇಕು. ಒಪ್ಪಿಗೇನ್ರಿ, ಅಳಿಯಂದಿರ?" ಎಂದರು. ನಾನು ಒಪ್ಪಿದೆ.

ಸುಗ್ಗಿಯಲ್ಲಿ ಪೆಟ್ಟಿಗೆ ಜೋಳದ ರಾಶಿಯ ಪಕ್ಕ ಕುಳಿತಿತು. ಗುಂಡಿ ಒತ್ತಿದಂತೆಲ್ಲ ಎಣಿಕೆ ಏರುತ್ತದೆ. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಹೆಸರಿಟ್ಟ ಬಲ್ಬುಗಳಲ್ಲಿ ಉರಿದವನ್ನು ಕೂಡಿಸಿದರೆ ಉತ್ತರ. ಗುಂಡಿಯ ಮುಂದೆ ಸ್ವತಃ ಮಾವನವರೇ ಕುಳಿತರು. ಅಳೆಯುವ ಈರಪ್ಪ ರೂಢಿಯಂತೆ ಮೊದಲ ಕೊಳಗಕ್ಕೆ ಒಂದು ಎನ್ನದೆ "ಲಾಭ" ಎಂದ. ಬಳಿಕ ಎರಡು, ಮೂರು ಎನ್ನುತ್ತ ಇಪ್ಪತ್ತಕ್ಕೆ ನಿಲ್ಲಿಸಿದ.

ಬಲ್ಬುಗಳು ಹತ್ತೊಂಬತ್ತೆಂದವು.

"ಸಾಹೇಬ್ರ, ನಿಮ್ಮ ಪೆಟ್ಟಿಗಿ ಒಂದು ಕೊಳಗ ಜ್ವಾಳ ನುಂಗೇತ್ರಿ!" ಎಂದ ಈರಪ್ಪ. ಕಣವೆಲ್ಲ ನಕ್ಕಿತು. ಕೊಟ್ಟ ಮಾತಿನಂತೆ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಮೊದಲ ತಿರುಪು ಸಡಿಲಾಯಿತು.

"ತಡೀರಿ," ಎಂದಳು ಗಂಗವ್ವ. "ಅಪ್ಪಾ, ಲಾಭ ಅಂದಾಗ ಗುಂಡಿ ಒತ್ತಿದೇನು?"

"ಲಾಭ ಅಂದಾಗ ರಾಶಿಗೆ ಎರಡೂ ಕೈ ಮುಗಿದಿದ್ನೆವ್ವಾ! ಮತ್ತ ಯಾವ ಕೈಲೆ ಒತ್ತಲಿ?"

ಮಿತ್ರರೇ, ಆ ಕ್ಷಣದ ನನ್ನ ಆನಂದವನ್ನು ಯಾವ ಒಕ್ಕಣೆಯಲ್ಲಿ ನಿವೇದಿಸಲಿ? ಭಕ್ತಿ ಅರಿಯದ ಆ ಪೆಟ್ಟಿಗೆ ತನಗೆ ಮುಟ್ಟಿದ್ದನ್ನಷ್ಟೇ ಎಣಿಸಿತ್ತು. ಇಡೀ ಕಣ ನಗುವಾಗ, ಅದನ್ನು ಕಟ್ಟಿದ ನಾನೇ ಅನುಮಾನಿಸುವಾಗಲೂ, ತನ್ನ ಲೆಕ್ಕಕ್ಕೆ ಗಟ್ಟಿಯಾಗಿ ನಿಂತಿತ್ತು. ನನ್ನ ಬೆಸುಗೆಗಳಿಗೆ ನನಗಿಂತ ಹೆಚ್ಚು ಧೈರ್ಯವಿತ್ತು.

ಮತ್ತೆ ಅಳೆದರು. ಈ ಸಲ ಮಾವನವರು ಎಡಗೈಯನ್ನು ಹಣೆಗೊಯ್ದು ಬಲಗೈಯಿಂದ ಗುಂಡಿ ಒತ್ತಿದರು. ಕೊನೆಗೆ ಹದಿನಾರರ ಬಲ್ಬು, ನಾಲ್ಕರ ಬಲ್ಬು, ಎರಡೇ ಉರಿದವು. ಈರಪ್ಪ ಬೆರಳು ಮಡಚಿ ಕೂಡಿಸಿ ನೋಡಿ, ತಲೆಯ ರುಮಾಲು ತೆಗೆದು ಗಾಳಿಗೆ ಬೀಸಿದ.

ಮಾವನವರು ಪೆಟ್ಟಿಗೆಯನ್ನು ತಾವೇ ಎದೆಗವಚಿ ಎತ್ತಿಕೊಂಡು ಮುಂದಿನ ರಾಶಿಯತ್ತ ನಡೆದರು. "ದಾರಿ ಬಿಡ್ರಿ," ಎಂದು ಕೂಗಿದರು, "ಅಳಿಯಂದಿರು ಮಾಡಿದ್ದೈತಿ!"